ಜಾಣ ಜೂಜುಗಾರನ ಜಮಾಖರ್ಚು

ಶ್ರಾವಕನು ತ್ಯಜಿಸಬೇಕಾದ ಸಪ್ತವ್ಯಸನಗಳಲ್ಲಿ ಪೂರ್ವಾಚಾರ್ಯರು ದ್ಯೂತವನ್ನು ಮೊದಲನೆಯದಾಗಿ ಎಣಿಸಿದ್ದಾರೆ. ಮಾಂಸ, ಮದ್ಯ, ವೇಶ್ಯಾಸಂಗ, ಬೇಟೆ, ಕಳವು, ಪರಸ್ತ್ರೀಗಮನ ಇವೆಲ್ಲ ಅದರ ಹಿಂದಿನಿಂದ ಬರುತ್ತವೆ. ಪ್ರತ್ಯಕ್ಷ ಜೀವವಧೆಯಿರುವ ಬೇಟೆಗಿಂತಲೂ ಮೊದಲು ಜೂಜಿನ ಹೆಸರೇಕೆ ಎಂಬ ಪ್ರಶ್ನೆಯನ್ನು ಪಾಠಶಾಲೆಯ ಮಕ್ಕಳೂ ಕೇಳುವುದುಂಟು. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಅನರ್ಥದಂಡವನ್ನು ವಿವರಿಸುವಾಗ ಜೂಜಿನ ವಿಚಾರವನ್ನೂ ಎತ್ತಿಕೊಂಡಿದ್ದಾರೆ, ಸುಳ್ಳಿಗೂ ಕಳವಿಗೂ ಅದೇ ಆಶ್ರಯವಾಗುವುದರಿಂದ ದೂರದಿಂದಲೇ ಬಿಡತಕ್ಕದ್ದೆಂಬುದು ಅವರ ಅಭಿಪ್ರಾಯ. ಉಳಿದ ವ್ಯಸನಗಳಿಗೆ ಜೂಜು ಹೆಬ್ಬಾಗಿಲು ಎಂಬುದು ಇದರ ತಾತ್ಪರ್ಯ.

ಈ ಮಾತಿಗೆ ಇಂದು ಹೊಸದೊಂದು ಆಕ್ಷೇಪ ಎದ್ದಿದೆ. ಹಿಂದೆ ದೇವದುರ್ಗ ತಾಲ್ಲೂಕಿನ ಗಬ್ಬೂರಿನಂಥ ಊರಿನಲ್ಲಿ ಇಸ್ಪೀಟು ಆಡುವವರು ಊರ ಹೊರಗಿನ ಮರದ ನೆರಳನ್ನೋ ಹಾಳು ಮನೆಯನ್ನೋ ಹುಡುಕುತ್ತಿದ್ದರು. ಅಂದರ್-ಬಾಹರ್ ಆಡಿದವನು ಮನೆಗೆ ಬಂದು ಹಿರಿಯರೆದುರು ತಲೆಯೆತ್ತುತ್ತಿರಲಿಲ್ಲ. ಆ ನಾಚಿಕೆಯೇ ಒಂದು ಬೇಲಿಯಾಗಿತ್ತು. ಮೊಬೈಲು ಬಂದ ಮೇಲೆ ಮರದ ನೆರಳೂ ಬೇಡವಾಯಿತು, ನಾಚಿಕೆಯೂ ಬೇಡವಾಯಿತು. ಓದಿದ ತರುಣರು ‘ಪೋಕರ್ ಜೂಜಲ್ಲ, ಅದು ಬುದ್ಧಿಯ ಆಟ, ಅದನ್ನೇ ವೃತ್ತಿ ಮಾಡಿಕೊಂಡವರು ಜಗತ್ತಿನಲ್ಲಿದ್ದಾರೆ’ ಎಂದು ವಾದಿಸುತ್ತಾರೆ. ಈ ವಾದವನ್ನು ಗದರಿಸಿ ಬಾಯಿ ಮುಚ್ಚಿಸುವುದು ಸುಲಭ; ಆದರೆ ಅದು ಉತ್ತರವಾಗುವುದಿಲ್ಲ. ಅನೇಕಾಂತವನ್ನು ನಂಬುವವರು ಎದುರಾಳಿಯ ಮಾತಿನಲ್ಲಿರುವ ಸತ್ಯಾಂಶವನ್ನು ಮೊದಲು ಒಪ್ಪಿಕೊಂಡು ಅನಂತರ ವಿಚಾರಕ್ಕೆ ತೊಡಗಬೇಕು.

ಸತ್ಯಾಂಶ ಇಲ್ಲದಿಲ್ಲ. ಜೂಜು ಬೇರೆ, ಕೌಶಲವೇ ಪ್ರಧಾನವಾದ ಸ್ಪರ್ಧೆ ಬೇರೆ ಎಂಬ ಭೇದವನ್ನು ಸರ್ವೋಚ್ಚ ನ್ಯಾಯಾಲಯ 1957ರಲ್ಲೇ ಒಪ್ಪಿತು. ಆ ಮೊಕದ್ದಮೆಗೆ ಕಾರಣವಾದದ್ದು ಬೆಂಗಳೂರಿನಿಂದ ಹೊರಡುತ್ತಿದ್ದ ಪತ್ರಿಕೆಯೊಂದರ ಪದಬಂಧ ಸ್ಪರ್ಧೆ. 1967ರಲ್ಲಿ ರಮ್ಮಿ ಪ್ರಧಾನವಾಗಿ ಕೌಶಲದ ಆಟವೆಂಬ ತೀರ್ಪು ಬಂತು. 2013ರ ಅಕ್ಟೋಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ, ಪೋಕರನ್ನು ಕೌಶಲದ ಆಟವಾಗಿ ಆಡುವುದಾದರೆ ಪೊಲೀಸ್ ಕಾಯಿದೆಯ ಪರವಾನಗಿ ಬೇಕಿಲ್ಲವೆಂದಿತು. 2017ರಲ್ಲಿ ಗುಜರಾತಿನ ಉಚ್ಚ ನ್ಯಾಯಾಲಯ ಇದಕ್ಕೆ ವ್ಯತಿರಿಕ್ತವಾಗಿ ಪೋಕರ್ ಜೂಜೇ ಎಂದಿತು. 2021ರಲ್ಲಿ ಕರ್ನಾಟಕ ಸರ್ಕಾರ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ, 2022ರ ಫೆಬ್ರವರಿಯಲ್ಲಿ ಅದರ ಮುಖ್ಯ ಅಂಶಗಳು ಉಚ್ಚ ನ್ಯಾಯಾಲಯದಲ್ಲಿ ರದ್ದಾದವು. ಹೀಗೆ ನ್ಯಾಯಪೀಠಗಳು ‘ಕೌಶಲವೋ, ಅದೃಷ್ಟವೋ’ ಎಂಬ ಒಂದೇ ತಕ್ಕಡಿಯಲ್ಲಿ ಆಟವನ್ನು ತೂಗಿದವು. ಧರ್ಮದ ತಕ್ಕಡಿ ಬೇರೆ. ಅದನ್ನು ತೋರಿಸಲು ಕೌಶಲದ ವಿಷಯದಲ್ಲಿ ಯಾರೂ ಸಂಶಯಪಡದ ಆಟಗಾರನೊಬ್ಬನ ಜೀವಿತವನ್ನೇ ಪರಿಶೀಲಿಸುವುದು ನ್ಯಾಯ.

ಅಂಥವನು ಅಮೆರಿಕದ ಸ್ಟೂ ಉಂಗರ್. 1953ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಈತ ತಂದೆಯ ಮದ್ಯದಂಗಡಿಯಲ್ಲಿ ಜೂಜುಗಾರರ ನಡುವೆ ಬೆಳೆದ. ಬಿದ್ದ ಎಲೆಗಳನ್ನೆಲ್ಲ ನೆನಪಿಟ್ಟುಕೊಂಡು ಎದುರಾಳಿಯ ಕೈಯಲ್ಲಿ ಉಳಿದ ಎಲೆಗಳನ್ನು ಹೇಳಬಲ್ಲ ಅಸಾಧಾರಣ ಸ್ಮರಣಶಕ್ತಿ ಅವನದು. ಲಾಸ್ ವೇಗಸ್ ನಗರದಲ್ಲಿ 1970ರಿಂದ ನಡೆದು ಬಂದಿರುವ ಪೋಕರ್ ವಿಶ್ವಸರಣಿಯ ಮುಖ್ಯ ಸ್ಪರ್ಧೆಯನ್ನು 1980ರಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ, ಅನುಭವಿಯಾದ ಡಾಯ್ಲ್ ಬ್ರನ್‌ಸನ್ನನನ್ನು ಸೋಲಿಸಿ ಗೆದ್ದ. 1981ರಲ್ಲಿ ಮತ್ತೊಮ್ಮೆ ಗೆದ್ದ. ಹದಿನಾರು ವರ್ಷಗಳ ನಂತರ, 1997ರಲ್ಲಿ, ಮೂರನೆಯ ಬಾರಿಗೆ ಗೆದ್ದು ಹತ್ತು ಲಕ್ಷ ಡಾಲರ್ ಬಹುಮಾನ ಪಡೆದ. ಕೇವಲ ಅದೃಷ್ಟದಿಂದ ಹೀಗೆ ಮೂರು ಬಾರಿ ಗೆಲ್ಲುವುದು ಅಸಾಧ್ಯ. ಕೌಶಲವಾದಿಗಳಿಗೆ ಇದಕ್ಕಿಂತ ಉತ್ತಮ ಸಾಕ್ಷಿ ಸಿಗಲಾರದು.

ಆದರೆ ಅವನ ಚರಿತ್ರೆಯಲ್ಲಿ ವ್ಯಾಪಾರಿಯಾದವನು ತಡೆದು ನಿಂತು ಯೋಚಿಸಬೇಕಾದ ಒಂದು ಸಂಗತಿ ಇದೆ. ಪೋಕರಿಗೆ ಬರುವ ಮುನ್ನ ಅವನು ಜಿನ್ ರಮ್ಮಿ ಎಂಬ ಎಲೆಯಾಟದಲ್ಲಿ ನಿಪುಣನಾಗಿದ್ದ. ಅವನ ನೈಪುಣ್ಯ ಎಷ್ಟು ಬೆಳೆಯಿತೆಂದರೆ ಕೊನೆಗೆ ಹಣ ಕಟ್ಟಿ ಅವನೊಡನೆ ಆಡಲು ಜನರೇ ಸಿಗದಂತಾಯಿತು. ಪೋಕರಿಗೆ ಹೊರಳಲು ಇದೇ ಮುಖ್ಯ ಕಾರಣ. ರಾಯಚೂರಿನ ರಾಜೇಂದ್ರ ಗಂಜಿನಲ್ಲಿ ಒಬ್ಬ ಅಡತಿ ವ್ಯಾಪಾರಿ ಹತ್ತಿಯ ಎಳೆ ನೋಡಿ ದರ ಹೇಳುವುದರಲ್ಲಿ ನಿಪುಣನೂ ತೂಕದಲ್ಲಿ ಪ್ರಾಮಾಣಿಕನೂ ಆಗಿದ್ದರೆ ವರ್ಷದಿಂದ ವರ್ಷಕ್ಕೆ ಅವನ ಅಂಗಡಿಗೆ ರೈತರ ಗಾಡಿಗಳು ಹೆಚ್ಚುತ್ತವೆ. ವೈದ್ಯನ ಕೈಗುಣ ಬೆಳೆದಷ್ಟೂ ರೋಗಿಗಳು ಅವನನ್ನು ಹುಡುಕಿಕೊಂಡು ಬರುತ್ತಾರೆ. ಯಾವ ಉದ್ಯೋಗದಲ್ಲಿ ನೈಪುಣ್ಯ ಬೆಳೆದಂತೆ ಎದುರಿನವನು ಓಡಿಹೋಗುತ್ತಾನೋ ಆ ಉದ್ಯೋಗ ಎದುರಿನವನಿಗೆ ಏನನ್ನೂ ಕೊಡುತ್ತಿಲ್ಲವೆಂದೇ ಅರ್ಥ. ವೃತ್ತಿನಿರತ ಜೂಜುಗಾರನಿಗೆ ಬೇಕಾದವನು ತನ್ನ ಅಜ್ಞಾನವನ್ನು ಇನ್ನೂ ಅರಿಯದ ದುರ್ಬಲ. ಅಂಥವನು ಪ್ರತಿದಿನ ಸಿಕ್ಕುತ್ತಿರಲೆಂದು ಹಾರೈಸುವ ಮನಸ್ಸಿನಲ್ಲಿ ಮೈತ್ರೀಭಾವನೆ ಹೇಗೆ ನೆಲೆಸೀತು?

ಉಂಗರ್‌ನ ಉಳಿದ ಕಥೆ ಸಂಕ್ಷಿಪ್ತವಾಗಿದೆ. ಪೋಕರಿನಲ್ಲಿ ಬಂದದ್ದು ಕುದುರೆಯ ಬಾಜಿಗೂ ಕ್ರೀಡೆಗಳ ಪಣಕ್ಕೂ ಹೋಗುತ್ತಿತ್ತು. ಕೊಕೇನಿನ ಚಟ ಅಂಟಿಕೊಂಡಿತು. 1990ರ ಮುಖ್ಯ ಸ್ಪರ್ಧೆಯಲ್ಲಿ ಮುಂದಿದ್ದವನು ಮೂರನೆಯ ದಿನ ಹೋಟೆಲಿನ ಕೋಣೆಯಲ್ಲಿ ಪ್ರಜ್ಞೆಯಿಲ್ಲದೆ ಬಿದ್ದಿದ್ದ. ಖಾಲಿ ಕುರ್ಚಿಯ ಮುಂದಿದ್ದ ಬಿಲ್ಲೆಗಳು ಪ್ರತಿ ಸುತ್ತಿನ ಕಡ್ಡಾಯ ಪಣಕ್ಕೆ ಕರಗುತ್ತ ಹೋದರೂ ಅವನಿಗೆ ಒಂಬತ್ತನೆಯ ಸ್ಥಾನ ಬಂತು. 1997ರಲ್ಲಿ ಪ್ರವೇಶಕ್ಕೆ ಬೇಕಾದ ಹತ್ತು ಸಾವಿರ ಡಾಲರ್ ಅವನಲ್ಲಿರಲಿಲ್ಲ. ಬಿಲ್ಲಿ ಬ್ಯಾಕ್ಸ್‌ಟರ್ ಎಂಬ ಆಟಗಾರ ಕಟ್ಟಿದ. ಬಂದ ಬಹುಮಾನ ಇಬ್ಬರಿಗೂ ಹಂಚಿಹೋಯಿತು, ಅವನ ಪಾಲು ಕೆಲವೇ ತಿಂಗಳಲ್ಲಿ ಮುಗಿಯಿತು. 1998ರಲ್ಲಿಯೂ ಬ್ಯಾಕ್ಸ್‌ಟರ್ ಹಣ ಕಟ್ಟಲು ಮುಂದಾದಾಗ ಆಡುವ ಶಕ್ತಿಯಿಲ್ಲವೆಂದು ಹಿಂದೆಗೆದ. ಅದೇ ವರ್ಷ ನವೆಂಬರ್ 22ರಂದು ಲಾಸ್ ವೇಗಸ್‌ನ ಅಗ್ಗದ ವಸತಿಗೃಹವೊಂದರಲ್ಲಿ ಶವವಾಗಿ ದೊರೆತ. ವಯಸ್ಸು 45. ಹತ್ತಿರ ಉಳಿದಿದ್ದದ್ದು ಸುಮಾರು 800 ಡಾಲರ್. ಅಂತ್ಯಸಂಸ್ಕಾರಕ್ಕೆ ಪರಿಚಿತರು ಹಣ ಕೂಡಿಸಬೇಕಾಯಿತು.

ಈ ಜೀವಿತವನ್ನು ಕುರಿತು 2003ರಲ್ಲಿ ಚಲನಚಿತ್ರವೂ 2005ರಲ್ಲಿ ಜೀವನಚರಿತ್ರೆಯೂ ಬಂದವು. ಇವನ ಕಥೆಯನ್ನು ಹೇಳುವವರ ರೂಢಿಯ ಧಾಟಿ ಒಂದೇ: ಆಟ ಇವನನ್ನು ಎತ್ತಿತು, ಮಾದಕದ್ರವ್ಯ ಕೆಡವಿತು. ಸಾವಿನ ವೈದ್ಯಕೀಯ ಕಾರಣವನ್ನಷ್ಟೇ ನೋಡಿದರೆ ಇದು ಸುಳ್ಳಲ್ಲ. ಆದರೆ ವಿಮರ್ಶೆ ಅಲ್ಲಿಗೆ ನಿಲ್ಲತಕ್ಕದ್ದಲ್ಲ. ಕೌಶಲದಿಂದ ಗೆಲ್ಲಬಲ್ಲ ಮೇಜಿನಲ್ಲಿ ಗಳಿಸಿದ್ದನ್ನು, ಕೌಶಲ ನಡೆಯದ ಕುದುರೆಬಾಜಿಯಲ್ಲಿ ಅವನೇಕೆ ಸುರಿದ? ಹಣವೇ ಗುರಿಯಾಗಿದ್ದರೆ ಒಬ್ಬ ಲೆಕ್ಕಗಾರ ಹಾಗೆ ಮಾಡುತ್ತಿರಲಿಲ್ಲ. ಪಣವಿಲ್ಲದ ಗಳಿಗೆಯನ್ನು ಸಹಿಸಲಾಗದ ಮನಸ್ಸು ಅವನದಾಗಿತ್ತು. ಕೌಶಲ ಆಟಕ್ಕೆ ಸೇರಿದ್ದು, ವ್ಯಸನ ಆತ್ಮದ ಪರಿಣಾಮಕ್ಕೆ ಸೇರಿದ್ದು. ಇವೆರಡೂ ಒಬ್ಬನಲ್ಲೇ ಒಟ್ಟಿಗೆ ಇರಬಲ್ಲವೆಂಬುದಕ್ಕೆ ಅವನೇ ಪ್ರಮಾಣ. ಸಪ್ತವ್ಯಸನಗಳ ಹೆಬ್ಬಾಗಿಲು ಮೊದಲು ತೆರೆದು ಉಳಿದವು ಹಿಂದೆಯೇ ಬಂದವೆಂದು ಶ್ರಾವಕಾಚಾರದ ಓದುಗ ಈ ಕಥೆಯನ್ನು ಅರ್ಥಮಾಡಿಕೊಂಡರೆ ತಪ್ಪಾಗಲಾರದು. ಅವನ ದುರವಸ್ಥೆಗೆ ಕರುಣೆ ಸಲ್ಲಬೇಕು, ಕೀರ್ತಿಗೆ ಮಾಲೆ ಸಲ್ಲಬಾರದು.

ಒಂದು ಆಕ್ಷೇಪ ಉಳಿಯುತ್ತದೆ. ಉಂಗರ್ ಕೆಟ್ಟನೆಂದು ಎಲ್ಲರೂ ಕೆಡಬೇಕಿಲ್ಲ; ಸಂಯಮದಿಂದ ಆಡಿ ಮನೆ ಕಟ್ಟಿದವರೂ ಇದ್ದಾರಲ್ಲ? ಇದಕ್ಕೆ ಕಿರ್ದಿ ಪುಸ್ತಕವೇ ಉತ್ತರ ಹೇಳಬೇಕು. ನಾಲ್ವರು ತಲಾ ನೂರು ರೂಪಾಯಿ ಹಾಕಿದರೆ ನಡುವೆ ನಾಲ್ಕುನೂರು ಕೂಡುತ್ತದೆ. ಆಟದ ಮನೆಯವರು ತಮ್ಮ ಪಾಲೆಂದು ಇಪ್ಪತ್ತು ತೆಗೆದರೆ ಗೆದ್ದವನಿಗೆ ಸಿಗುವುದು ಮುನ್ನೂರ ಎಂಬತ್ತು. ಜಮಾದ ಪ್ರತಿಯೊಂದು ರೂಪಾಯಿಯ ಎದುರಿಗೆ ಇನ್ನೊಬ್ಬನ ಖರ್ಚು ನಿಂತಿದೆ. ಒಂದು ಕಾಳು ಬೆಳೆದಿಲ್ಲ, ಒಂದು ಗಜ ಬಟ್ಟೆ ನೇಯ್ದಿಲ್ಲ. ವ್ಯಾಪಾರದಲ್ಲಿ ಹತ್ತಿ ಮಾರಿದವನಿಗೆ ಹಣವೂ ಕೊಂಡವನಿಗೆ ಹತ್ತಿಯೂ ದೊರೆತು ಇಬ್ಬರೂ ಮನೆಗೆ ಹೋಗುತ್ತಾರೆ. ಪಣದ ಕರಾರು ಅಸಿಂಧುವೆಂದು 1872ರ ಕರಾರು ಕಾಯಿದೆಯ 30ನೆಯ ಕಲಮು ಹೇಳುವುದೂ, ಜೂಜು ಸಂವಿಧಾನ ರಕ್ಷಿಸುವ ವ್ಯಾಪಾರವೇ ಅಲ್ಲವೆಂದು 1957ರ ಅದೇ ತೀರ್ಪು ಹೇಳಿದ್ದೂ ಇಲ್ಲಿ ಸ್ಮರಣೀಯ. ಸಂಯಮಿಯಾದ ಆಟಗಾರ ತನ್ನ ಮನೆಯನ್ನು ಉಳಿಸಿಕೊಂಡಿರಬಹುದು. ಅವನ ಮನೆಯ ಕಲ್ಲುಗಳು ಮಾತ್ರ ಬೇರೆಯವರ ಗೋಡೆಯಿಂದ ಬಂದವು.

ಸೋತವನೂ ಒಪ್ಪಿಯೇ ಕುಳಿತಿದ್ದನಲ್ಲ ಎಂಬುದು ಮತ್ತೊಂದು ಸಮಾಧಾನ. ಪೋಕರಿನಲ್ಲಿ ಎಲೆ ಕೆಟ್ಟಿದ್ದರೂ ಒಳ್ಳೆಯದಿದ್ದಂತೆ ನಟಿಸಿ ದೊಡ್ಡ ಪಣ ಕಟ್ಟಿ ಎದುರಿನವನನ್ನು ಹೆದರಿಸುವುದು ಆಟದ ಅಂಗ. ಅದನ್ನು ಬ್ಲಫ್ ಎನ್ನುತ್ತಾರೆ. ನಿಯಮಕ್ಕೆ ಒಳಪಟ್ಟಿರುವುದರಿಂದ ಇದು ಮೋಸವಲ್ಲವೆಂದೇ ಇಟ್ಟುಕೊಳ್ಳೋಣ. ಆದರೂ ಜೈನದೃಷ್ಟಿ ಹೊರಗಿನ ನಿಯಮಕ್ಕಿಂತ ಒಳಗಿನ ಪರಿಣಾಮವನ್ನು ಕೇಳುತ್ತದೆ. ಪರರ ಭ್ರಾಂತಿಯಲ್ಲಿ ಹರ್ಷಪಡುವುದನ್ನು ಮೃಷಾನಂದವೆಂಬ ರೌದ್ರಧ್ಯಾನದಲ್ಲಿ ಎಣಿಸಿದ್ದಾರೆ. ದಿನಕ್ಕೆ ಎಂಟು ಗಂಟೆ ಅದನ್ನೇ ಅಭ್ಯಾಸ ಮಾಡಿದವನಿಗೆ ಸಂಜೆಯ ಸಾಮಾಯಿಕದ ನಲವತ್ತೆಂಟು ನಿಮಿಷ ಎಷ್ಟು ಫಲಿಸೀತು? ಚದುರಂಗವೂ ಬುದ್ಧಿಯ ಆಟವೇ. ಅದರಲ್ಲಿ ಸೋತವನು ಒಂದು ಪಾಠ ಕಲಿತು ಏಳುತ್ತಾನೆ. ಅವನ ಮಕ್ಕಳ ಶಾಲೆಯ ಶುಲ್ಕ ಮೇಜಿನ ಮೇಲೆ ಉಳಿಯುವುದಿಲ್ಲ.

ಕನ್ನಡದ ಓದುಗರಿಗೆ ಈ ವೃತ್ತಿನಿರತ ಆಟಗಾರ ಹೊಸಬನೇನಲ್ಲ. ವ್ಯಾಸಭಾರತದ ಸಭಾಪರ್ವದಲ್ಲಿ ಪಣ ಒಡ್ಡುವವನು ದುರ್ಯೋಧನ, ದಾಳ ಉರುಳಿಸುವವನು ಶಕುನಿ. ಒಬ್ಬನ ಬದಲು ಇನ್ನೊಬ್ಬ ಆಡುವುದು ಸರಿಯಲ್ಲವೆಂದು ಧರ್ಮರಾಯ ಆಕ್ಷೇಪಿಸುತ್ತಾನೆ, ಆದರೂ ಕುಳಿತುಕೊಳ್ಳುತ್ತಾನೆ. ಬ್ಯಾಕ್ಸ್‌ಟರ್ ಹಣ ಕಟ್ಟಿದ್ದು, ಉಂಗರ್ ಆಡಿದ್ದು ಇದೇ ಏರ್ಪಾಡು. ಉದ್ದೇಶದಲ್ಲಿ ದ್ವೇಷವಿರಲಿಲ್ಲವೆಂಬುದಷ್ಟೇ ಭೇದ. ಕ್ರಿ.ಶ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದ ಜೈನಕವಿ ಪಂಪ ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿ ಮಾಡುವಷ್ಟು ಕಥೆಯನ್ನು ಬದಲಿಸಿದರೂ ದ್ಯೂತವನ್ನೂ ಅವಳ ಅವಮಾನವನ್ನೂ ಬಿಡಲಿಲ್ಲ. ಶ್ರಾವಕಾಚಾರಗಳು ದ್ಯೂತವ್ಯಸನಕ್ಕೆ ಶಕುನಿಯನ್ನಲ್ಲ, ಧರ್ಮರಾಯನನ್ನೇ ಉದಾಹರಿಸುತ್ತವೆ. ಸಜ್ಜನನೂ ಕುಳಿತನೆಂಬುದು ಆ ಕುರ್ಚಿಯನ್ನು ಪವಿತ್ರಗೊಳಿಸದು ಎಂಬ ಎಚ್ಚರಿಕೆ ಇದರಲ್ಲಿದೆ.

ಇಷ್ಟು ಹೇಳಿದ ಮೇಲೆ ವಣಿಕ ಸಮಾಜ ತನ್ನ ಅಂಗಳವನ್ನೂ ನೋಡಿಕೊಳ್ಳುವುದು ಧರ್ಮ. ಮಾಲಿಲ್ಲದೆ, ಮಾಲನ್ನು ಪಡೆಯುವ ಇಚ್ಛೆಯೂ ಇಲ್ಲದೆ, ದರದ ಏರಿಳಿತದ ಮೇಲಷ್ಟೇ ಹಣ ಕಟ್ಟುವ ಸಟ್ಟಾ ವ್ಯವಹಾರ ಇಸ್ಪೀಟಿನ ಮೇಜಿಗಿಂತ ಎಷ್ಟು ದೂರದಲ್ಲಿದೆ? ಗೋದಾಮಿನಲ್ಲಿರುವ ಹತ್ತಿಗೆ ದರ ಕುಸಿಯದಂತೆ ವಾಯಿದೆಯ ರಕ್ಷಣೆ ಪಡೆಯುವುದು ಬೇರೆ, ಗೋದಾಮೇ ಇಲ್ಲದವನು ರಾತ್ರಿಯೆಲ್ಲ ದರಪಟ್ಟಿ ನೋಡುತ್ತ ಕೂರುವುದು ಬೇರೆ. ಮಗನ ಕೈಯಿಂದ ಮೊಬೈಲು ಕಸಿದುಕೊಳ್ಳುವ ತಂದೆಯ ಕೈಯಲ್ಲಿಯೂ ಒಂದು ಮೊಬೈಲಿದೆ ಎಂಬುದನ್ನು ಮಕ್ಕಳು ಬಲ್ಲರು.

2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆ ಕೌಶಲ-ಅದೃಷ್ಟಗಳ ಭೇದವನ್ನೇ ಬಿಟ್ಟು, ಹಣದ ಆಸೆಯಿಂದ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಒಟ್ಟಾಗಿ ನಿಷೇಧಿಸುವ ಮಾರ್ಗ ಹಿಡಿಯಿತು. ಶಾಸ್ತ್ರ ಹಿಂದೆಯೇ ಕೇಳಿದ್ದ ಪ್ರಶ್ನೆಯ ಬಳಿಗೆ ಕಾನೂನು ಸುತ್ತಿ ಬಂದಂತಾಯಿತು. ಆದರೆ ಕಾನೂನು ಇಂದು ಬರುತ್ತದೆ, ನಾಳೆ ಬದಲಾಗುತ್ತದೆ. ವ್ರತ ಹಾಗಲ್ಲ.

ಕೊನೆಯದಾಗಿ ಬಸದಿಗಳ ಟ್ರಸ್ಟುಗಳು ವಿಚಾರಿಸಬೇಕಾದ ಮಾತೊಂದಿದೆ. ಪೋಕರಿನಲ್ಲೋ ಸಟ್ಟಾದಲ್ಲೋ ಗೆದ್ದವನು ಪಂಚಕಲ್ಯಾಣಕ್ಕೆ ದೊಡ್ಡ ಮೊತ್ತ ಬರೆಸಲು ಬಂದರೆ ರಸೀದಿ ಹರಿಯಬೇಕೆ? ಪಂಡಿತ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ ಗೃಹಸ್ಥನ ಗುಣಗಳನ್ನು ಎಣಿಸುವಾಗ ನ್ಯಾಯದಿಂದ ಗಳಿಸಿದ ಧನವನ್ನೇ ಮೊದಲು ಹೇಳಿದ್ದಾರೆ, ದಾನದ ಮಾತು ಅನಂತರದ್ದು. ಗಬ್ಬೂರಿನಲ್ಲಿ ಹಳೆಯ ಗುಡಿಗಳೂ ಶಾಸನದ ಕಲ್ಲುಗಳೂ ಇಂದಿಗೂ ಇವೆ. ಕಲ್ಯಾಣ ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ಇಷ್ಟು ಮತ್ತರು ಭೂಮಿ, ಇಂಥ ತೋಟ, ಇಂಥ ಗಾಣದ ಎಣ್ಣೆ, ಹೇರಿಗೆ ಇಷ್ಟು ಸುಂಕ ಎಂದು ದಾನದ ಮೂಲವನ್ನು ಬಿಡಿಸಿ ಬರೆಯುವ ಪದ್ಧತಿಯಿತ್ತು. ಊರವರೆಲ್ಲ ಓದುವಂತೆ ಕಲ್ಲಿನ ಮೇಲೆ ಮೂಲವನ್ನು ಬರೆಸಲು ಆ ದಾನಿಗಳು ಸಂಕೋಚಪಡಲಿಲ್ಲ. ಇಂದಿನ ಟ್ರಸ್ಟಿಗಳು ಅದೇ ಒರೆಗಲ್ಲನ್ನು ಬಳಸಲಿ: ಈ ಹಣ ಎಲ್ಲಿಂದ ಬಂತೆಂಬುದನ್ನು ದಾನಿಯ ಹೆಸರಿನ ಕೆಳಗೆ ಕೆತ್ತಿಸಲು ಸಾಧ್ಯವೇ? ಸಾಧ್ಯವಾದರೆ ಸ್ವೀಕರಿಸಬಹುದು. ಸಾಧ್ಯವಾಗದಿದ್ದರೆ ಬಸದಿಯ ಗೋಡೆಗೆ ಒಂದು ವರ್ಷ ಸುಣ್ಣ ಬಳಿಯದಿದ್ದರೂ ದೋಷವಿಲ್ಲ.