ಮುಧೋಳ ಸಿಗದ ಹುಡುಕಾಟ

ಫೋಲ್ಡರಿನೊಳಗೆ ಫೋಲ್ಡರ್, ಅದರೊಳಗೆ ಮತ್ತೊಂದು, ಎಲ್ಲೋ ತಳದಲ್ಲಿ ನಮಗೆ ಬೇಕಾದ ಫೈಲ್. ಜಾವಾಸ್ಕ್ರಿಪ್ಟ್‌ನಲ್ಲಿ ಅದನ್ನು ಹುಡುಕುವುದು ಹೇಗೆ ಎಂದು ಕೇಳಿದರೆ ಈಗ ಒಂದೇ ಸಾಲಿನ ಉತ್ತರ ಸಿಗುತ್ತದೆ: ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ ‘ರೀಡ್‌ಡಿರ್’ ಕರೆಗೆ ಒಳಗಿನ ಫೋಲ್ಡರುಗಳಿಗೂ ಇಳಿಯುವ ‘ರಿಕರ್ಸಿವ್’ ಎಂಬ ಆಯ್ಕೆ ಕೊಟ್ಟುಬಿಡಿ. 2023ರಲ್ಲಿ ನೋಡ್ 20.1ರೊಂದಿಗೆ ಬಂದ ಸೌಕರ್ಯವಿದು. ಅದಕ್ಕೂ ಮುಂಚೆ ಪ್ರತಿಯೊಬ್ಬರೂ ತಮ್ಮ ಫಂಕ್ಷನ್ ತಾವೇ ಬರೆದುಕೊಳ್ಳುತ್ತಿದ್ದರು, ಇಲ್ಲವೇ ಯಾರೋ ಬರೆದ ಪ್ಯಾಕೇಜ್ ತರಿಸಿಕೊಳ್ಳುತ್ತಿದ್ದರು. ಒಂದು ಸಾಲಿನಲ್ಲಿ ಕೆಲಸ ಮುಗಿಯುವುದು ಚೆಂದವೇ. ಆದರೆ ನಮ್ಮ ಊರುಗಳ ಕಂಪ್ಯೂಟರ್‌ಗಳ ಮುಂದೆ ಈ ಸಾಲನ್ನು ಇಟ್ಟು ನೋಡಿದರೆ ಅದರ ಬಡತನ ತಿಳಿಯುತ್ತದೆ.

ರಬಕವಿ-ಬನಹಟ್ಟಿಯಲ್ಲಿ ಸೀರೆ ಡಿಸೈನ್ ಮಾಡಿಕೊಡುವ ಒಂದು ಅಂಗಡಿಯನ್ನು ಕಲ್ಪಿಸಿಕೊಳ್ಳಿ. ಎಲೆಕ್ಟ್ರಾನಿಕ್ ಜಕಾರ್ಡ್ ಬಂದಲ್ಲೆಲ್ಲ ರಟ್ಟಿನ ಕಾರ್ಡಿನ ಜಾಗಕ್ಕೆ ಚಿತ್ರದ ಫೈಲ್ ಬಂದಿದೆ. ದಡಿಗೊಂದು, ಸೆರಗಿಗೊಂದು, ಬುಟ್ಟಾಕ್ಕೊಂದು. ಡಿ ಡ್ರೈವಿನಲ್ಲಿ ವರ್ಷಕ್ಕೊಂದು ಫೋಲ್ಡರ್, ಒಳಗೆ ಗಿರಾಕಿಯ ಊರು, ಅದರೊಳಗೆ ‘ನ್ಯೂ ಫೋಲ್ಡರ್ 2’, ಅದರೊಳಗೆ ‘ಫೈನಲ್’, ‘ಫೈನಲ್ ಹೊಸದು’. ಜಮಖಂಡಿಯ ಫೋಟೋ ಸ್ಟುಡಿಯೋಗೂ ಬೀಳಗಿಯ ಫ್ಲೆಕ್ಸ್ ಅಂಗಡಿಗೂ ಇದೇ ಚಿತ್ರ ಹೊಂದೀತು. ಮೂರು ವರ್ಷದ ಹಿಂದಿನ ‘ಗೋಮಿ’ ವಿನ್ಯಾಸದ ದಡಿ ಬೇಕೆಂದು ಗಿರಾಕಿ ಬಂದು ನಿಂತಾಗ ಹುಡುಕಾಟ ಶುರುವಾಗುತ್ತದೆ.

ಈಗ ಡಿ ಡ್ರೈವಿನ ಮೇಲೆ ಆ ಒಂದು ಸಾಲನ್ನು ಓಡಿಸಿ. ವಿಂಡೋಸ್ ಪ್ರತಿ ಡ್ರೈವಿನ ನೆತ್ತಿಯಲ್ಲೂ ‘ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಶನ್’ ಎಂಬ ಅಡಗಿದ ಫೋಲ್ಡರ್ ಇಟ್ಟಿರುತ್ತದೆ. ಅದನ್ನು ತೆರೆಯಲು ಸಾಮಾನ್ಯ ಬಳಕೆದಾರನಿಗೆ ಅನುಮತಿಯಿಲ್ಲ. ರಿಕರ್ಸಿವ್ ರೀಡ್‌ಡಿರ್ ಆ ಬಾಗಿಲು ತಟ್ಟುತ್ತದೆ, ‘ಅನುಮತಿ ಇಲ್ಲ’ ಎಂಬ ದೋಷ ಎಸೆಯುತ್ತದೆ, ಅಲ್ಲಿಗೆ ಇಡೀ ಹುಡುಕಾಟವೇ ಸತ್ತಿತು. ಅಷ್ಟರೊಳಗೆ ಓದಿದ್ದ ಹೆಸರುಗಳೂ ನಮ್ಮ ಕೈಗೆ ಬರುವುದಿಲ್ಲ. ಜನಗಣತಿಗೆ ಬಂದವರು ಒಂದು ಮನೆಗೆ ಬೀಗ ಕಂಡು ಇಡೀ ಓಣಿಯ ಕಾಗದ ಹರಿದು ಹೋದ ಹಾಗೆ. ಆ ಒಂದು ಫೋಲ್ಡರನ್ನು ಬಿಟ್ಟು ಮುಂದೆ ಹೋಗು ಎಂದು ಹೇಳಲು ಈ ಆಯ್ಕೆಯಲ್ಲಿ ದಾರಿಯೇ ಇಲ್ಲ. ಎಲ್ಲವನ್ನೂ ತಂದು ರಾಶಿ ಹಾಕಿದ ಮೇಲೆ ನೀವು ಜರಡಿ ಹಿಡಿಯಬೇಕು. ಪ್ರೋಗ್ರಾಮರ್‌ಗಳ ‘ನೋಡ್ ಮಾಡ್ಯೂಲ್ಸ್’ ಫೋಲ್ಡರಿನಂಥ ಸಂತೆಯನ್ನೂ ಪೂರ್ತಿ ಸುತ್ತಿ ಬಂದೇ ಉತ್ತರ ಕೊಡುತ್ತದೆ. ಹುಡುಕುವವನಿಗೆ ಎಲ್ಲಿ ಕಾಲಿಡಬಾರದೆಂಬ ಅರಿವು ಮೊದಲು ಬೇಕು. ಈ ಸಾಲಿಗೆ ಅದೇ ಇಲ್ಲ.

ಕೈಯಾರೆ ಬರೆದರೆ ಎಷ್ಟಾದೀತು? ಹದಿನೈದು ಸಾಲು. ಫೋಲ್ಡರಿನ ಪಟ್ಟಿ ತರಿಸುವುದು, ಒಂದೊಂದೂ ಫೋಲ್ಡರೋ ಫೈಲೋ ಎಂದು ನೋಡುವುದು, ಬೇಡದ ಹೆಸರಾದರೆ ಬಿಡುವುದು, ಉಳಿದದ್ದಕ್ಕೆ ಅದೇ ಫಂಕ್ಷನ್ ತನ್ನನ್ನು ತಾನು ಮತ್ತೆ ಕರೆಯುವುದು. ಪಟ್ಟಿ ತರಿಸುವ ಸಾಲನ್ನು ‘ಟ್ರೈ-ಕ್ಯಾಚ್’ ಒಳಗಿಟ್ಟರೆ ಬೀಗದ ಬಾಗಿಲಿನ ಹೆಸರು ಬರೆದುಕೊಂಡು ಮುಂದೆ ಹೋಗುತ್ತದೆ. 2018ರಲ್ಲಿ, ನೋಡ್ 10.10ರಿಂದ, ‘ವಿತ್‌ಫೈಲ್‌ಟೈಪ್ಸ್’ ಎಂಬ ಆಯ್ಕೆ ಬಂತು. ಇದು ಫೋಲ್ಡರೇ ಎಂದು ಪ್ರತಿ ಹೆಸರಿಗೂ ಬೇರೆ ಕರೆ ಮಾಡುವ ಕಷ್ಟ ತಪ್ಪಿತು. ಇನ್ನೊಂದು ಲಾಭವೂ ಇದೆ: ಹಾಗೆ ಕೇಳಿದಾಗ, ಬೇರೊಂದು ಜಾಗಕ್ಕೆ ತೋರಿಸುವ ಸಿಂಬಾಲಿಕ್ ಲಿಂಕ್ ತಾನು ಫೋಲ್ಡರ್ ಎಂದು ಹೇಳಿಕೊಳ್ಳುವುದಿಲ್ಲ. ಹಾಗಾಗಿ ತನ್ನ ಮೇಲಿನ ಫೋಲ್ಡರಿಗೇ ತೋರಿಸುವ ಲಿಂಕಿಗೆ ಸಿಕ್ಕಿ ಸುತ್ತು ಹೊಡೆಯುವ ಭಯವಿಲ್ಲ. ಫಂಕ್ಷನ್ ತನ್ನನ್ನೇ ಕರೆಯುವ ರಿಕರ್ಷನ್ ಎಂದೊಡನೆ, ಕರೆಗಳ ಲೆಕ್ಕ ಇಡುವ ಸ್ಟ್ಯಾಕ್ ತುಂಬೀತೆಂದು ಹೆದರಿಸುವವರಿದ್ದಾರೆ. ಫೈಲಿನ ಪೂರ್ತಿ ದಾರಿಗೆ ವಿಂಡೋಸ್ ಇಟ್ಟ ಹಳೆಯ 260 ಅಕ್ಷರಗಳ ಮಿತಿಯೊಳಗೆ ಫೋಲ್ಡರುಗಳು ನೂರಮೂವತ್ತು ಹಂತವನ್ನೂ ಮುಟ್ಟಲಾರವು. ಆ ಹೆದರಿಕೆ ಪಠ್ಯಪುಸ್ತಕದ್ದು, ಡಿಸ್ಕಿನದಲ್ಲ.

ಇನ್ನು ಹೆಸರಿನ ವಿಷಯ. ನಾನು ಓದಿದ ಮಾರ್ಗದರ್ಶಿಗಳೆಲ್ಲ ಜಾರಿಕೊಳ್ಳುವುದು ಇಲ್ಲೇ. ‘ಮುಧೋಳ’ ಎಂಬ ಫೋಲ್ಡರ್ ಕಣ್ಣೆದುರೇ ಇದೆ, ಪ್ರೋಗ್ರಾಮ್ ಮಾತ್ರ ಸಿಗಲಿಲ್ಲ ಎನ್ನುತ್ತದೆ. ಕಾರಣ ಯೂನಿಕೋಡ್‌ನಲ್ಲಿದೆ. ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎಕಾರ, ಊಕಾರ, ದೀರ್ಘದ ಗುರುತು ಎಂದು ಮೂರು ತುಂಡುಗಳಾಗಿಯೂ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ. ಆದರೆ ಜಾವಾಸ್ಕ್ರಿಪ್ಟ್‌ನ ಲೆಕ್ಕದಲ್ಲಿ ಮೊದಲ ‘ಮುಧೋಳ’ದ ಉದ್ದ 5, ಎರಡನೆಯದರ ಉದ್ದ 7. ‘ಬೀಳಗಿ’ಗೂ ಇದೇ ಗತಿ: ಈಕಾರ ಒಡೆದರೆ 5 ಇದ್ದದ್ದು 6 ಆಗುತ್ತದೆ. ಜಮಖಂಡಿ, ರಬಕವಿ, ಬನಹಟ್ಟಿಗಳಲ್ಲಿ ಒಡೆಯುವ ಸ್ವರಚಿಹ್ನೆಯೇ ಇಲ್ಲ, ಅವು ಪಾರಾದವು. ಗೋಮಿ ಪಾರಾಗಲಿಲ್ಲ. ಇಂಗ್ಲಿಷ್ ಹೆಸರುಗಳಲ್ಲಷ್ಟೇ ಪರೀಕ್ಷೆ ಮಾಡಿದ ಪ್ರೋಗ್ರಾಮ್ ಐದು ಊರುಗಳಲ್ಲಿ ಮೂರಕ್ಕೆ ಸರಿ, ಎರಡಕ್ಕೆ ತಪ್ಪು.

ಒಡೆದ ರೂಪ ಬರುವುದೆಲ್ಲಿಂದ? ಆಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್‌ಗಳು ಹೆಸರನ್ನು ಒಡೆದೇ ಇಡುತ್ತಿದ್ದವು. ಅಂಥ ಮ್ಯಾಕ್‌ನಿಂದ ಝಿಪ್ ಆಗಿ ಬಂದ ಆಲ್ಬಮ್ ವಿಂಡೋಸಿಗೆ ಇಳಿದಾಗ ಒಡೆದ ಹೆಸರೂ ಜೊತೆಗೇ ಇಳಿಯುತ್ತದೆ. ವಿಂಡೋಸಿನ ಎನ್‌ಟಿಎಫ್‌ಎಸ್ ಇವೆರಡನ್ನೂ ಬೇರೆ ಹೆಸರೆಂದೇ ನಂಬಿ ಪಕ್ಕಪಕ್ಕದಲ್ಲಿ ಎರಡು ‘ಮುಧೋಳ’ಗಳನ್ನು ಇಟ್ಟುಕೊಳ್ಳುತ್ತದೆ. ಮದ್ದು 2015ರಿಂದ ಭಾಷೆಯೊಳಗೇ ಇದೆ: ‘ನಾರ್ಮಲೈಸ್’ ಎಂಬ ವಿಧಾನ. ಹುಡುಕುವ ಪದಕ್ಕೂ ಸಿಕ್ಕ ಹೆಸರಿಗೂ ಎರಡಕ್ಕೂ ಅದನ್ನು ಹಚ್ಚಿ ಹೋಲಿಸಬೇಕು. ಫೈಲ್ ತೆರೆಯುವಾಗ ಮಾತ್ರ ಡಿಸ್ಕಿನಲ್ಲಿದ್ದ ಮೂಲ ಹೆಸರನ್ನೇ ಕೊಡಬೇಕು. ‘ಪವರ್‌ಲೂಮ್’ ಎಂದು ಬರೆಯುವಾಗ ನಡುವೆ ಸೇರುವ ಕಾಣದ ಅಕ್ಷರವನ್ನು ಈ ವಿಧಾನ ತೆಗೆಯುವುದಿಲ್ಲ. ಅದನ್ನು ನಾವೇ ಕಿತ್ತುಹಾಕಬೇಕು.

ಫೋಟೋಶಾಪ್‌ನೊಳಗಿನ ಎಕ್ಸ್‌ಟೆಂಡ್‌ಸ್ಕ್ರಿಪ್ಟ್ ಕೂಡ ಜಾವಾಸ್ಕ್ರಿಪ್ಟೇ. ಅಂಗಡಿಗಳಿಗೆ ಹೆಚ್ಚು ಹತ್ತಿರದ್ದೂ ಅದೇ. ಅದರ ‘ಗೆಟ್‌ಫೈಲ್ಸ್’ ಒಂದೇ ಹಂತ ಇಳಿಯುತ್ತದೆ. ಮುಂದಿನದು ನಮ್ಮ ಫಂಕ್ಷನ್ನಿನ ಪಾಲು. ಅಲ್ಲಿ ಫೈಲಿನ ‘ನೇಮ್’ ಕೇಳಿದರೆ ಕನ್ನಡ ಬರುವುದಿಲ್ಲ, ಶೇಕಡಾ ಚಿಹ್ನೆಗಳ ಸಾಲು ಬರುತ್ತದೆ: ಒಂದು ‘ಮುಧೋಳ’ಕ್ಕೆ 45 ಅಕ್ಷರ! ‘ಡಿಕೋಡ್‌ಯುಆರ್‌ಐ’ ಹಚ್ಚಿ ಬಿಡಿಸಿಕೊಳ್ಳಬಹುದು. ಆದರೆ ಇದು ಹಳೆಯ ಜಾವಾಸ್ಕ್ರಿಪ್ಟ್, ನಾರ್ಮಲೈಸ್ ಇದರಲ್ಲಿಲ್ಲ. ಐದಾರು ಸ್ವರಚಿಹ್ನೆಗಳ ಬದಲಾವಣೆಯನ್ನು ಕೈಯಿಂದಲೇ ಬರೆಯಬೇಕು.

ಬ್ರೌಸರ್‌ನಲ್ಲಿ, 2020ರ ಕ್ರೋಮ್ 86ರಿಂದ, ಬಳಕೆದಾರನೇ ಆರಿಸಿಕೊಟ್ಟ ಫೋಲ್ಡರಿನೊಳಗೆ ಇಳಿಯಲು ಬರುತ್ತದೆ. ಸಣ್ಣ ಅಂಗಡಿಗೆ ನೋಡ್ ಇನ್‌ಸ್ಟಾಲ್ ಮಾಡುವ ಗೋಜಿಲ್ಲ, ಫೈಲ್ ಎಲ್ಲಿಗೂ ಅಪ್‌ಲೋಡ್ ಆಗಬೇಕಿಲ್ಲ. ನೋಡ್ 22ರಲ್ಲಿ ಪ್ರಯೋಗವಾಗಿ ಬಂದ ‘ಗ್ಲಾಬ್’ ಹೆಸರುಗಳನ್ನು ಒಂದೊಂದಾಗಿ ಕೈಗೆ ಕೊಡುತ್ತದೆ, ಬೇಡದ್ದನ್ನು ಹೊರಗಿಡಲೂ ಜಾಗ ಕೊಟ್ಟಿದೆ. ರಿಕರ್ಸಿವ್ ಆಯ್ಕೆಗಿಂತ ಇದು ಯೋಚಿಸಿ ಮಾಡಿದ ಕೆಲಸ.

ನೀವೇ ಬರೆದ ಪ್ರಾಜೆಕ್ಟಿನ ಸಣ್ಣ ಫೋಲ್ಡರಿಗೆ ಆ ಒಂದು ಸಾಲು ಸಾಕು. ಅಂಗಡಿಯ ಡಿ ಡ್ರೈವಿಗೆ ಹದಿನೈದು ಸಾಲಿನ ಕೈಬರಹವೇ ಆಗಬೇಕು. ಬರೆದಾದ ಮೇಲೆ ಮೂರು ಫೋಲ್ಡರ್ ಮಾಡಿ ಪರೀಕ್ಷಿಸಿ: ಅನುಮತಿ ಇಲ್ಲದ್ದೊಂದು, ತನ್ನ ಮೇಲಕ್ಕೇ ತೋರಿಸುವ ಲಿಂಕ್ ಇರುವುದೊಂದು, ಒಡೆದ ಈಕಾರದಲ್ಲಿ ‘ಬೀಳಗಿ’ ಎಂದು ಹೆಸರಿಟ್ಟದ್ದೊಂದು. ಮೂರನ್ನೂ ದಾಟಿದ ಮೇಲೆಯೇ ಗಿರಾಕಿಯ ಕೈಗೆ ಕೊಡಿ.