ಲಲಿತಮಹಲಿಗೆ ಮಧ್ಯಾಹ್ನವೇ ಹೋಗಿ

ಮದುವೆಯ ವಾರ್ಷಿಕೋತ್ಸವಕ್ಕೆ ಅರಮನೆಯಂಥ ಜಾಗದಲ್ಲಿ ಕ್ಯಾಂಡಲ್‌ಲೈಟ್ ಡಿನ್ನರ್ ಎಲ್ಲಿ ಚೆನ್ನ ಎಂದು ಕೇಳುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಮೈಸೂರಿನ ಲಲಿತಮಹಲ್ ಇರುತ್ತದೆ. ಜಾಗದ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಮೇಣದಬತ್ತಿಯ ಬಗ್ಗೆ.

ನಾಲ್ವಡಿ ಕೃಷ್ಣರಾಜ ಒಡೆಯರ್ ಈ ಅರಮನೆಗೆ ಅಡಿಗಲ್ಲಿಟ್ಟದ್ದು 1921ರಲ್ಲಿ. ವೈಸ್‌ರಾಯ್ ಮತ್ತಿತರ ಐರೋಪ್ಯ ಅತಿಥಿಗಳಿಗೆಂದು, ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ಲಿನ ಮಾದರಿಯಲ್ಲಿ ವಾಸ್ತುಶಿಲ್ಪಿ ಫ್ರಿಚ್ಲಿ ಇದನ್ನು ರೂಪಿಸಿದರು. ಮೈಸೂರಿಗೆ ವಿದ್ಯುತ್ ದೀಪ 1908ರಲ್ಲೇ ಬಂದಿತ್ತು. ಹಾಗಾಗಿ ಇಲ್ಲಿ ಮೇಣದಬತ್ತಿ ಹಚ್ಚಿದರೆ ಗತಕಾಲವೇನೂ ಮರಳುವುದಿಲ್ಲ. 1974ರಲ್ಲಿ ಅರಮನೆ ಹೋಟೆಲಾಯಿತು, ನರ್ತನದ ಹಜಾರ ಊಟದ ಹಜಾರವಾಯಿತು. ಅದರ ಚೆಲುವಿರುವುದು ಮೇಲಿನ ಬಣ್ಣದ ಗಾಜಿನ ಗುಮ್ಮಟಗಳಲ್ಲಿ. ಆ ಗಾಜು ಬೆಳಗುವುದು ಹಗಲಿನಲ್ಲಿ.

ಮಬ್ಬುಗತ್ತಲೆಯೇ ಪ್ರಣಯ ಎನ್ನುವ ಪಂಥ ಊರೂರಿಗೂ ಹಬ್ಬಿದೆ. ಬ್ಯಾಟರಿಯ ಮೇಣದಬತ್ತಿ, ಗುಲಾಬಿ ಎಸಳು, ಮೊಬೈಲ್ ಟಾರ್ಚ್ ಹಿಡಿದು ಮೆನು ಓದುವ ದಂಪತಿ. ತಟ್ಟೆಯಲ್ಲಿರುವುದು ಕಾಣದೆ ಉಣ್ಣುವುದು ಅಡುಗೆಯವನಿಗೆ ಮಾಡುವ ಅನ್ಯಾಯ. ನಮ್ಮ ಊಟವನ್ನು ಮೊದಲು ಉಣ್ಣುವುದು ಕಣ್ಣು: ಕೋಸಂಬರಿಯ ಹಸಿರು, ತೊವ್ವೆಯ ಹಳದಿ, ಸಾರಿನ ಮೇಲೆ ತೇಲುವ ಒಗ್ಗರಣೆಯ ತುಪ್ಪ.

ಮೈಸೂರು ಪಾಕನ್ನೇ ನೋಡಿ. ಕುದಿವ ತುಪ್ಪವನ್ನು ಸೌಟು ಸೌಟಾಗಿ ಹುಯ್ದಾಗ ಕಡಲೆಹಿಟ್ಟಿನ ಪಾಕ ನೊರೆಯೆದ್ದು ಉಬ್ಬುತ್ತದೆ. ತಟ್ಟೆಗೆ ಸುರಿದ ಮೇಲೆ ಅಂಚುಗಳು ಬೇಗ ಆರುತ್ತವೆ. ಒಡಲಲ್ಲಿ ಕಾವು ನಿಂತು ಹಿಟ್ಟು ಇನ್ನಷ್ಟು ಹುರಿಯುತ್ತದೆ. ಅದಕ್ಕೇ ಒಳ್ಳೆಯ ಪಾಕಿನ ತುಂಡಿಗೆ ಮೇಲೆ ಕೆಳಗೆ ತಿಳಿಹಳದಿ, ನಡುವೆ ಕಂದು ಪಟ್ಟೆ, ಮೈಯೆಲ್ಲ ಜೇನುಗೂಡಿನಂಥ ತೂತು. ಮುರಿದರೆ ಸದ್ದಾಗಬೇಕು. ಈಗ ಅಂಗಡಿಗಳಲ್ಲಿ ಮೆರೆಯುವ, ಬೆರಳಿಗೆ ಮೆತ್ತುವ ಮೆದು ಮುದ್ದೆ ಬೇರೆಯದೇ ತಿಂಡಿ. ಅದಕ್ಕೆ ಮೈಸೂರಿನ ಹೆಸರು ಸಲ್ಲದು. ಎರಡರ ಅಂತರ ನಾಲಿಗೆಗಿಂತ ಮೊದಲು ಕಣ್ಣಿಗೆ ಗೊತ್ತಾಗುತ್ತದೆ. ಕತ್ತಲಲ್ಲಿ ಎರಡೂ ಒಂದೇ.

ಸಂಗಾತಿಯ ಮುಖಕ್ಕೂ ಇದೇ ಮಾತು. ಎದುರು ಕೂತವರ ಕಣ್ಣು ಕಾಣುವಷ್ಟು ಬೆಳಕಿದ್ದರೆ ಮಾತು ತಾನಾಗಿ ಹುಟ್ಟುತ್ತದೆ. ಆದ್ದರಿಂದ ವಾರ್ಷಿಕೋತ್ಸವದ ದಿನ ಅರ್ಧ ರಜೆ ಹಾಕಿ, ಮಧ್ಯಾಹ್ನದ ಊಟಕ್ಕೇ ಹೋಗಿ. ಬರುವಾಗ ಪೇಟೆಯಲ್ಲಿ ಪಾಕು ಕೊಳ್ಳುವುದಾದರೆ, ಒಂದು ತುಂಡು ಮುರಿದು ಒಳಗಿನ ಕಂದು ಪಟ್ಟೆ ನೋಡಿಯೇ ದುಡ್ಡು ಕೊಡಿ.