ಸ್ಪ್ರಿಂಟ್ ಉಳಿಸುವ ಬಾಕಿ

ಸಮ್ಮೇಳನ ಮುಗಿದ ಮೇಲೂ ಬಂದವರ ನಂಟು ಉಳಿಸಿಕೊಳ್ಳುವುದು ಹೇಗೆ ಎಂಬ ಮಾತೆದ್ದರೆ ನಮ್ಮವರು ಟೆಡ್ ಎಂಬ ಭಾಷಣ ಸಮ್ಮೇಳನದ ಕಡೆ ಕೈ ತೋರಿಸುತ್ತಾರೆ. 2006ರಲ್ಲಿ ಅದು ಭಾಷಣಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟದ್ದು ದೊಡ್ಡದೇ, ತಕರಾರಿಲ್ಲ. ಆದರೆ ಹೆಚ್ಚಿದ್ದು ನೋಡುಗರ ಸಂಖ್ಯೆ. 2009ರ ನವೆಂಬರಿನಲ್ಲಿ ಮೈಸೂರಿನ ಇನ್ಫೊಸಿಸ್ ಆವರಣದಲ್ಲಿ ಟೆಡ್ ಇಂಡಿಯಾ ನಡೆದಾಗ ಸಂಶೋಧಕ ಪ್ರಣವ್ ಮಿಸ್ತ್ರಿ 'ಸಿಕ್ಸ್ತ್ ಸೆನ್ಸ್' ಎಂಬ ತಮ್ಮ ಸಾಧನವನ್ನು ತೋರಿಸಿದರು. ಆ ವಿಡಿಯೊ ಲೋಕವೆಲ್ಲ ಸುತ್ತಿತು. ಸಭಾಂಗಣದಲ್ಲಿದ್ದ ಎಂಜಿನಿಯರೂ ಮನೆಯಲ್ಲಿ ಕೂತು ನೋಡಿದವನೂ ಕೊನೆಗೆ ಪ್ರೇಕ್ಷಕರೇ. ಟೆಡ್ ಫೆಲೋಶಿಪ್ ಇದೆಯಲ್ಲ ಎನ್ನುತ್ತೀರಾ? ಇದೆ, ಆಯ್ದ ಕೆಲವರಿಗೆ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಬಳಗದ ಸಮ್ಮೇಳನ, ಮೊದಲ ಪೈಕಾನ್ ಇಂಡಿಯಾ, ಸೇರಿತ್ತು. ಈ ಪೈಥಾನ್ ಬಳಗ ಅಮೆರಿಕದ ಪೈಕಾನಿನಲ್ಲಿ ಬೆಳೆಸಿಕೊಂಡು ಬಂದ 'ಸ್ಪ್ರಿಂಟ್' ಪದ್ಧತಿಯ ಬಗ್ಗೆ ಯಾರೂ ಬರೆಯುವುದಿಲ್ಲ. ಅಲ್ಲಿ ಭಾನುವಾರ ಭಾಷಣ ಮುಗಿಯುತ್ತದೆ, ಸೋಮವಾರದಿಂದ ಕೆಲವು ದಿನ ಕೂಡಿ ಕೋಡ್ ಬರೆಯುವ ಸ್ಪ್ರಿಂಟ್. ಮುಕ್ತ ತಂತ್ರಾಂಶದ ಪ್ರಾಜೆಕ್ಟ್ ನಡೆಸುವವರು ತಮ್ಮ ಕೆಲಸ ಇಂಥದ್ದೆಂದು ಚುಟುಕಾಗಿ ಹೇಳಿ ಒಂದೊಂದು ಮೇಜು ಹಿಡಿಯುತ್ತಾರೆ. ಹೊಸಬ ಹೋಗಿ ಪಕ್ಕದಲ್ಲಿ ಕೂರುತ್ತಾನೆ. ಕೋಡ್ ತನ್ನ ಲ್ಯಾಪ್‌ಟಾಪಿನಲ್ಲಿ ಓಡುವಂತೆ ಮಾಡುವುದರಲ್ಲೇ ಅರ್ಧ ದಿನ ಹೋದೀತು. ಆಮೇಲೆ ಒಂದು ಸಣ್ಣ ಬಗ್, ಇಲ್ಲವೇ ಕೈಪಿಡಿಯ ಒಂದು ತಪ್ಪು ಸಾಲು. ತಿದ್ದಿದ್ದನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ, ಅಂದರೆ ಪುಲ್ ರಿಕ್ವೆಸ್ಟ್, ಕಳಿಸುತ್ತಾನೆ. ಟೆಸ್ಟ್ ಎಲ್ಲಿ, ಈ ಹೆಸರು ಬದಲಿಸಿ ಎಂದು ತಿರುಗಿ ಬರುತ್ತದೆ. ಅಷ್ಟರಲ್ಲಿ ವಿಮಾನದ ಹೊತ್ತು. ಉತ್ತರವನ್ನು ಊರಿಗೆ ಹೋಗಿ ಕೊಡಬೇಕು, ಅದನ್ನು ಕಾಯುವ ಒಬ್ಬ ಮನುಷ್ಯ ಆ ಕಡೆ ಇದ್ದಾನೆ, ಮುಖಪರಿಚಯವೂ ಆಗಿದೆ. ಪದ್ಧತಿಯ ಜಾಣತನವೆಲ್ಲ ಈ ಬಾಕಿಯಲ್ಲಿದೆ.

ಇದನ್ನು ಹಗುರವಾಗಿ ಕಾಣುವ ಪಂಡಿತರಿದ್ದಾರೆ. ಸೇರಿದ ತಿದ್ದುಪಡಿಗಳನ್ನು ಎಣಿಸಿ, ಅಷ್ಟು ದಿನಕ್ಕೆ ಇಷ್ಟೇನಾ, ಅನುಭವಿಗಳ ಹೊತ್ತು ಹಾಳು ಎನ್ನುತ್ತಾರೆ. ಇವರದೇ ಸಮ್ಮೇಳನ ನೋಡಿ: ಕೊನೆಯ ಸಂಜೆ ಒಂದು ಫೀಡ್‌ಬ್ಯಾಕ್ ಫಾರ್ಮು, ಒಂದು ವಾಟ್ಸ್‌ಆ್ಯಪ್ ಗುಂಪು, ಅಲ್ಲಿಗೆ ಕೈತೊಳೆದುಕೊಂಡಂತೆ. ತಿಂಗಳೊಳಗೆ ಆ ಗುಂಪಿನಲ್ಲಿ ಹಬ್ಬದ ಶುಭಾಶಯ, ಯಾರದೋ ಕಂಪನಿಯ ಉದ್ಯೋಗ ಜಾಹೀರಾತು, 'ಲೆಫ್ಟ್' ಆದವರ ಸಾಲು. ಯಾರ ಉತ್ತರವೂ ಯಾರಿಗೂ ಬೇಕಾಗಿರುವುದಿಲ್ಲ. ಇದನ್ನು 'ಕಮ್ಯುನಿಟಿ' ಎಂದು ವರದಿಯಲ್ಲಿ ಬರೆದುಕೊಳ್ಳುವ ಧೈರ್ಯವನ್ನು ಮೆಚ್ಚಬೇಕು.

ಸ್ಪ್ರಿಂಟಿನ ದೋಷ ಬೇರೆ ಇದೆ. ವಾರದ ನಡುವೆ ರಜೆ ಹಾಕಿ, ಹೋಟೆಲಿಗೆ ಕೊಟ್ಟು ಉಳಿಯುವುದು ಎಲ್ಲರಿಗೂ ಆಗದು. ತಿದ್ದುಪಡಿ ನೋಡುವವರು ಬಹುಪಾಲು ಸಂಬಳವಿಲ್ಲದೆ ದುಡಿಯುವವರು. ಅವರು ತಿಂಗಳುಗಟ್ಟಲೆ ತಿರುಗಿ ನೋಡದಿದ್ದರೆ ಹೊಸಬ ಮುಂದಿನ ವರ್ಷ ಆ ಮೇಜಿಗೆ ಬರುವುದಿಲ್ಲ. ಆಯೋಜಕರನ್ನು ತರಾಟೆಗೆ ತೆಗೆದುಕೊಳ್ಳುವುದಿದ್ದರೆ ಈ ವಿಷಯಕ್ಕೆ ತೆಗೆದುಕೊಳ್ಳಲಿ.